ಕಿವಿ ಹೊಲಿಸಿಕೊಂಡ ರಂಗತ್ತೆ

ಮೂಳೆ ಡಾಕ್ಟರ ಕೋಣೆಯಲ್ಲಿ ನರ್ಸ್ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ನನ್ನ ತೋಳಿಗೆ ಉಜ್ಜಿದಳು. ಆ ವಾಸನೆಗೆ ನನಗೆ ರಂಗತ್ತೆ ನೆನಪಾದಳು. ಮೊಣಕಾಲಿಗೆ ಆಪರೇಷನ್ ಬೇಡವೆಂದು ನಾನು, ಬೇಕೆಂದು ಮಕ್ಕಳು. ಮನೆಯಲ್ಲಿ ಕೆಲವು ದಿನಗಳಿಂದ ಇದೇ ಮಾತು. ಅವರು ಕಾರಣ ಕೇಳುತ್ತಾರೆ, ನಾನು ಹುಡುಕಿ ಹುಡುಕಿ ಕೊಡುತ್ತೇನೆ, ಅವರು ಅದನ್ನು ಒಡೆದು ಹಾಕುತ್ತಾರೆ. ವಕೀಲರ ಮಗಳಾಗಿ ಹುಟ್ಟಿದ್ದಷ್ಟೇ ಬಂತು, ವಾದ ಮಾತ್ರ ಬರಲಿಲ್ಲ.

ರಂಗತ್ತೆ ಆ ವಕೀಲರ ತಂಗಿ. ಐವತ್ತರ ದಶಕದ ಮಾತು. ಅಪ್ಪ ಕೊಯಮತ್ತೂರಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು. ಅತ್ತೆಯನ್ನು ಉಡುಮಲೈಪೇಟೆ ಕಡೆ ಕಡಲೆಕಾಯಿ ಬೆಳೆಯುವ ಮನೆಗೆ ಕೊಟ್ಟಿದ್ದರು. ಅವಳ ಕಿವಿಗಳು ಹೆಗಲು ಮುಟ್ಟುತ್ತಿದ್ದವು. ನೀವು ಅಂಥ ಕಿವಿ ನೋಡಿರಲಿಕ್ಕಿಲ್ಲ. ಹೆಣ್ಣು ಕೂಸು ಹುಟ್ಟಿ ಕೆಲವು ದಿನಕ್ಕೆ ಕಿವಿಯ ಹಾಲೆ ಸೀಳಿ, ತೂತಿಗೆ ಹತ್ತಿ ತುರುಕಿ, ಗಾಯ ಮಾದ ಮೇಲೆ ಸೀಸದ ಬಳೆ ನೇತುಹಾಕಿ, ವರ್ಷವರ್ಷವೂ ಭಾರ ಹೆಚ್ಚಿಸಿ ಇಳಿಸಿದ ಕಿವಿ ಅದು. ಮದುವೆಯ ಹೊತ್ತಿಗೆ ಅದರಲ್ಲಿ ತಂಡಟ್ಟಿಯೆಂಬ ಚಿನ್ನದ ಭಾರದ ಓಲೆ ಜೋಲಬೇಕು. ಜೋಲದಿದ್ದರೆ ಹುಡುಗಿಯನ್ನು ಹೆತ್ತವರು ಸರಿಯಾಗಿ ಸಾಕಿಲ್ಲವೆಂದು ಅರ್ಥ.

ಆ ಕಾಲಕ್ಕೆ ಪೇಟೆಯ ಆಸ್ಪತ್ರೆಗಳಲ್ಲಿ ಇಂಥ ಕಿವಿಗಳನ್ನು ಕತ್ತರಿಸಿ ಗಿಡ್ಡ ಮಾಡಿ ಹೊಲಿಯುವುದು ಶುರುವಾಗಿತ್ತು. ಒಂದು ದಿನ ಅತ್ತೆ ನಮ್ಮ ಮನೆಗೆ ಬಂದವಳೇ, ಕಾಫಿ ಲೋಟ ಕೆಳಗಿಟ್ಟು, "ಅಣ್ಣಾ, ನಾನು ಕಿವಿ ಹೊಲಿಸ್ಕೊಳ್ಬೇಕು" ಅಂದಳು.

"ಯಾಕಮ್ಮ? ನೋವಾ?" ಅಂದರು ಅಪ್ಪ.

"ಇಲ್ಲ. ಹೊಲಿಸ್ಕೊಳ್ಬೇಕು, ಅಷ್ಟೇ."

ಅವಳ ಅತ್ತೆ, ಅಂದರೆ ಉಡುಮಲೈಯ ಮುದುಕವ್ವ, ಆಗಲೇ ಕೂಗಾಡಿದ್ದಳಂತೆ. "ನನ್ ಮಗ ಗುಂಡುಕಲ್ಲಿನಂಗೆ ಇರುವಾಗ ಬೋಳುಗಿವಿ ಬೇಕಾ ನಿನಗೆ? ನನ್ ಕಿವಿ ನೋಡು, ನಾನು ಹೊರ್ಲಿಲ್ವಾ?" ಎಂದು. ಮುದುಕವ್ವನಿಗೆ ತಂಡಟ್ಟಿ ಬಿಚ್ಚುವುದೂ ತಾಳಿ ಬಿಚ್ಚುವುದೂ ಒಂದೇ. ಅತ್ತೆಯ ಗಂಡ, ನನ್ನ ಮಾವ, ಒಳ್ಳೆಯವರು, ತಾಯಿಯ ಎದುರಿಗೂ ಹೆಂಡತಿಯ ಎದುರಿಗೂ ಒಂದೇ ಸಮನೆ ತಲೆಯಾಡಿಸುತ್ತಿದ್ದರು.

ಅತ್ತೆಗೆ ಯಾಕೆ ಬೇಕಿತ್ತೆಂದು ನಾವೆಲ್ಲ ಊಹಿಸಿದ್ದೇ ಊಹಿಸಿದ್ದು. ಪೇಟೆಯ ಫ್ಯಾಷನ್ ಎಂದಳು ಅಮ್ಮ. ಬಸ್ಸಿನಲ್ಲಿ ಯಾರೋ ನಕ್ಕಿರಬೇಕೆಂದೆ ನಾನು; ಆಗ ಕಾಲೇಜು ಓದುತ್ತಿದ್ದೆ, ಲೋಕದ ಸಂಕಟವೆಲ್ಲ ಬಸ್ಸಿನಲ್ಲೇ ಹುಟ್ಟುತ್ತದೆಂದು ನಂಬಿದ್ದ ವಯಸ್ಸು. ಅತ್ತೆ ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಕಾರಣ ಹೇಳಿದ್ರೆ ನೀವು ಅದನ್ನ ತಕ್ಕಡೀಲಿ ಹಾಕ್ತೀರ. ಸಾಲ್ದು ಅಂತೀರ" ಅಂದಳು.

ಅಮ್ಮ ಒಂದು ಉಪಾಯ ಹೇಳಿದಳು. "ಕಿವಿಗೆ ಏನೋ ರೋಗ, ಹೊಲೀದಿದ್ರೆ ಹರಡುತ್ತೆ ಅಂತ ಡಾಕ್ಟರಮ್ಮ ಹೇಳಿದ್ರು ಅನ್ನು. ಮುದುಕಿ ತಾನೇ ಕರ್ಕೊಂಡು ಬರ್ತಾಳೆ."

"ರೋಗ ಅಂದ್ರೆ ಕಿವಿ ಡಾಕ್ಟರಮ್ಮಂದಾಗುತ್ತೆ, ಅತ್ತಿಗೆ. ನಂದು ಎಲ್ಲಾಗುತ್ತೆ?"

ಅಪ್ಪ ಕಾನೂನಿನ ದಪ್ಪ ಪುಸ್ತಕ ತೆಗೆದರು. ಹದಿನೆಂಟು ತುಂಬಿದವರು ತಾವಾಗಿ ಒಪ್ಪಿ ಮಾಡಿಸಿಕೊಂಡ, ಪ್ರಾಣಕ್ಕೆ ಕುತ್ತಲ್ಲದ ಗಾಯ ಅಪರಾಧವಲ್ಲ. ಗಂಡನ ಮಾತು ಇದರಲ್ಲಿ ಎಲ್ಲೂ ಇಲ್ಲ ಎಂದರು. ವಕೀಲರ ಚಪಲಕ್ಕೆ ಅಲ್ಲಿಗೇ ನಿಲ್ಲಿಸದೆ, "ಆದ್ರೆ ಪ್ರಾಣ ಕಳ್ಕೊಳ್ಳೋಕೆ ಹೊರಟು ಬದುಕಿ ಉಳಿದ್ರೆ ಸರ್ಕಾರ ಹಿಡಿದು ಒಳಗೆ ಹಾಕುತ್ತೆ" ಎಂದೂ ಸೇರಿಸಿದರು.

ಅತ್ತೆ ಬೆರಳು ಮಡಚಿ ಎಣಿಸಿದಳು. "ಸಾಯೋಕೆ ಸರ್ಕಾರನ ಕೇಳ್ಬೇಕು. ಹೊಲಿಸೋಕೆ ಮನೇವ್ರನ್ನ ಕೇಳ್ಬೇಕು. ಸೀಳುವಾಗ ಯಾರೂ ನನ್ನ ಕೇಳ್ಲಿಲ್ಲ. ನನ್ನ ಕೇಳೋದು ಯಾವುದಕ್ಕಣ್ಣಾ?"

ಅಪ್ಪ ಪುಸ್ತಕ ಮುಚ್ಚಿದರು. ಕೋರ್ಟಿನಲ್ಲಾಗಿದ್ದರೆ ವಾಯಿದೆ ಕೇಳುತ್ತಿದ್ದರು.

ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದವಳು ನಾನು. ಡಾಕ್ಟರಮ್ಮ ತಮಿಳರು, ಮಾತಿನಲ್ಲಿ ಮೃದು. ಕಿವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸುಲಭದ ಕೆಲಸ, ಆದರೆ ಯಜಮಾನರು ಬಂದು ಹೇಳಲಿ ಎಂದರು. ಅಪ್ಪ ಓದಿ ಹೇಳಿದ್ದನ್ನು ನಾನು ಗಿಳಿಯ ಹಾಗೆ ಒಪ್ಪಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಕಾನೂನು ನನ್ನನ್ನು ತಡೆಯೋದಿಲ್ಲಮ್ಮ, ನಿಜ. ಹೋದ ವರ್ಷ ಒಬ್ಬಳಿಗೆ ಹೊಲಿದೆ. ಅವಳ ಗಂಡ ಬಂದು ಬಾಗಿಲಲ್ಲಿ ನಿಂತು ಬೈದದ್ದು ಬೀದಿಗೆಲ್ಲ ಕೇಳಿಸಿತು. ಕತ್ತರಿ ಹಿಡಿಯೋ ಕೈ ನನ್ನದು. ಅದಕ್ಕೂ ಒಂದು ಇಷ್ಟ ಇರುತ್ತಲ್ಲ?" ಅದೂ ಸರಿಯೆನಿಸಿತು. ಅತ್ತೆಯ ಕಿವಿ ಅತ್ತೆಯದಾದರೆ ಡಾಕ್ಟರಮ್ಮನ ಕೈ ಡಾಕ್ಟರಮ್ಮನದು. ಈ ಗಂಟು ನನಗೆ ಇವತ್ತಿಗೂ ಬಿಚ್ಚಿಲ್ಲ.

ಮಾವನಿಗೆ ಹೇಳಿಕಳಿಸಿದೆವು. ಮರುದಿನದ ಬಸ್ಸಿಗೆ ಬಂದರು, ತಾಯಿಗೆ ಬಾವಿಯ ಮೋಟರಿನ ಸಾಮಾನು ತರುವುದಿದೆ ಎಂದು ಹೇಳಿ. ಇಸ್ತ್ರಿ ಶರ್ಟು ಹಾಕಿ, ಡಾಕ್ಟರಮ್ಮನ ಮುಂದೆ ನೆಟ್ಟಗೆ ನಿಂತು, "ನಾನು ಒಪ್ಪಿದ್ದೀನಿ, ಹೊಲೀರಿ" ಅಂದರು. ಅವರ ಬಾಳಿನಲ್ಲಿ ಅದು ದೊಡ್ಡ ಧೈರ್ಯ.

ಬೆಂಚಿನ ಮೇಲೆ ಮಲಗಿದ್ದ ಅತ್ತೆ ಎದ್ದು ಕೂತಳು. "ಅವ್ರು ಒಪ್ಪಿದ್ರೆ ಅವ್ರ ಕಿವಿ ಹೊಲೀರಿ. ಚಿಕ್ಕೋರಿದ್ದಾಗ ಕಿವೀಗೆ ಕಡಕು ಹಾಕಿದ್ದ ತೂತು ಇನ್ನೂ ಹಂಗೇ ಇದೆ."

ಮಾವನ ಕೈ ತಾನಾಗಿ ಕಿವಿಗೆ ಹೋಯಿತು. ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಅತ್ತೆ ನಗಲಿಲ್ಲ; ಸೆರಗು ಸರಿಮಾಡಿಕೊಂಡು ಇಳಿಯಲು ಹೊರಟಳು. ಬಂದ ಕೆಲಸ ಕೈಗೆ ಬಂದಿರುವಾಗ ಬಿಟ್ಟುಹೋಗುತ್ತಾಳೆಯೇ ಎಂದು ನನಗೆ ಗಾಬರಿ. ಡಾಕ್ಟರಮ್ಮ ಅವಳನ್ನೇ ನೋಡುತ್ತಿದ್ದರು. ಆಮೇಲೆ ಮಾವನನ್ನು ಹೊರಗೆ ಕೂರಲು ಹೇಳಿ, ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತು, "ಅಮ್ಮಾ, ನಿಮಗೆ ಬೇಕಾ?" ಎಂದು ಕೇಳಿದರು.

"ಬೇಕು" ಅಂದಳು ಅತ್ತೆ. ಮಲಗಿದಳು.

ಸಂಜೆ ಎರಡೂ ಕಿವಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತ ಅವಳನ್ನು ಮಾವ ಮೆಲ್ಲಗೆ, "ತುಂಬ ನೋವಾ?" ಎಂದು ಕೇಳಿದರು.

"ಇದೆ. ಇರ್ಲಿ ಬಿಡಿ, ಇದು ನಂದು."

ಮುದುಕವ್ವ ಬಹಳ ದಿನ ಸೊಸೆಯ ಕೈಯಿಂದ ಕುಂಕುಮ ಇಡಿಸಿಕೊಳ್ಳಲಿಲ್ಲವಂತೆ. ಅತ್ತೆ ಕಿವಿ ಹೊಲಿಸಿಕೊಂಡ ಕಾರಣ ಕೊನೆಗೂ ಯಾರಿಗೂ ತಿಳಿಯಲಿಲ್ಲ.

ಮೂಳೆ ಡಾಕ್ಟರು ಒಳಗೆ ಬಂದರು. ನನ್ನ ಪಕ್ಕ ಕೂತಿದ್ದ ಮಗ ಎದ್ದು ನಿಂತು, "ಅಮ್ಮನಿಗೆ ಸ್ವಲ್ಪ ಭಯ, ಡಾಕ್ಟ್ರೇ, ಅಷ್ಟೇ" ಎಂದು ಶುರುಮಾಡಿದ. ಭಯ ಇದ್ದದ್ದು ನಿಜ. ಆದರೆ ಅದನ್ನೂ ನಾನು ಹೇಳಲಿಲ್ಲ. "ಬೇಡ" ಅಂದೆ. ಅವರಿಬ್ಬರೂ ಮುಂದಿನ ಮಾತಿಗಾಗಿ ಕಾದರು. ಕುಂಟುತ್ತಾ ಎದ್ದು, ಚಪ್ಪಲಿ ಹುಡುಕಿದೆ.