ಸೊಗಡು ತೊಳೆದ ಕೈ

ಹಲಸೂರು ಕೆರೆ ಪಕ್ಕದ ಕೇರಿಯ ಅಂಜಿನಮ್ಮ ಅಡುಗೆಯಲ್ಲಿ ಎತ್ತಿದ ಕೈ. ಆ ಕೈಗೆ ರುಚಿ ಕಲಿಸಿದೋಳು ಅತ್ತೆ ಮುನಿತಾಯಮ್ಮ. ಇಬ್ಬನಿ ಬಿದ್ದು ಅವರೆಕಾಯಿಗೆ ಸೊಗಡು ಏರ್ತು ಅಂದ್ರೆ ಸಾಕು, ಮುದುಕಿ ಕಾಯಿ ಸುಲೀತಾ ಜಗಲಿ ಬಿಟ್ಟು ಏಳ್ತಿರಲಿಲ್ಲ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಕಾಯಿ ಸುಲಿದ ಕೈಯನ್ನ, ನೆನೆದ ಕಾಳು ಹಿತಕಿ ಮುಗಿಯೋವರೆಗೂ ತೊಳೀಬಾರದು. ಬೆರಳಿಗಂಟಿದ ಜಿಡ್ಡಿನ ಘಮವೇ ಬೇಳೆಗೆ ಇಳೀಬೇಕು. "ಸೊಗಡು ಹೋದ್ಮೇಲೆ ಅವರೆ ಆದ್ರೇನು, ಹುರುಳಿ ಆದ್ರೇನು!" ಅನ್ನೋಳು ಮುದುಕಿ.

ಮಹಾಯುದ್ಧ ಮುಗಿದ ಮರುವರ್ಷ ಸಂಕ್ರಾಂತಿ ಹೊತ್ತಿಗೆ, ಕಂಟೋನ್ಮೆಂಟಿನ, ಅಂದ್ರೆ ದಂಡಿನ ಪ್ಯಾಟೆಯ, ಹೆಂಗಸರ ಸಮಿತಿಯೊಂದು ಕೆರೆ ಬಯಲಲ್ಲಿ ಅಡುಗೆ ಮೇಳ ಇಟ್ಟಿತು. ಊರೂರಿನ ತಿನಿಸು, ಗೆದ್ದೋರಿಗೆ ಬೆಳ್ಳಿ ಕುಂಕುಮದ ಬಟ್ಟಲು. ಮುನಿತಾಯಮ್ಮನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕೈಯಲ್ಲಿ ಬಲವಿಲ್ಲ, ಊಟ ಸೇರ್ತಿಲ್ಲ. "ನಮ್ಮನೆ ಹಿತಕಿದವರೆ ಸಾರು ಮಾಡೇ ಅಂಜಿನಿ, ನಾನೂ ಬಂದು ಅಲ್ಲೇ ಉಣ್ತೀನಿ" ಅಂದಳು. ಕೇಳಿದ್ದು ಅಷ್ಟೇ.

ಆದ್ರೆ ಬುದ್ಧಿ ಎಲ್ಲಿ ಕೆಡುತ್ತೆ ನೋಡಿ! ಹೆಸರು ಕೊಡೋಕೆ ಹೋದಾಗ ಸಮಿತಿಯ ದೊಡ್ಡಮ್ಮನೊಬ್ಬರು ಅಂಜಿನಮ್ಮನ ಸೊಗಡಂಟಿದ ಬೆರಳು ನೋಡಿ ಮೂಗು ಮುಚ್ಚಿಕೊಂಡ್ರು. ಅವಳಿಗೆ ಭೂಮಿಯೊಳಗೆ ಇಳಿದು ಹೋಗೋಣ ಅನ್ನಿಸ್ತು. ಮೇಳದ ದಿನ ಕಾಯಿಯನ್ನೂ ಉಜ್ಜಿ ತೊಳೆದಳು, ಕೈಗೂ ಸೋಪು ಹಾಕಿದಳು. ಪಕ್ಕದ ಮನೆ ಇಮಾಮ್ ಬೀ, "ಅರೆ ಅಂಜಿನಮ್ಮಾ, ಆ ವಾಸನೇನೇ ಅಲ್ವಾ ಇದ್ರ ಜಾನ್, ಇದ್ರ ಜೀವ?" ಅಂದ್ರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಘಮ ಬೇಕಲ್ಲ, ಅಂತ ಚಕ್ಕೆ ಲವಂಗ ಸುರಿದಳು.

ಸಾರೇನೋ ಗೆದ್ದಿತು, ಬಿಡಿ. ಬಟ್ಟಲು ಸೆರಗಲ್ಲಿ ಕಟ್ಟಿಕೊಂಡು, ಮರದ ನೆರಳಲ್ಲಿ ಕೂತಿದ್ದ ಅತ್ತೆಗೆ ಮುದ್ದೆ ಮೇಲೆ ಸಾರು ಬಿಟ್ಟು ತಂದಳು. ಮುದುಕಿ ಒಂದು ತುತ್ತು ನುಂಗಿ, "ಚೆನ್ನಾಗದೆ ಕಣೇ. ಯಾರ ಮನೇದು?" ಅಂದಳು.

ಅಂಜಿನಮ್ಮನ ಹಿಂದೆಯೇ ಸಮಿತಿಯೋರು ನಿಂತಿದ್ರು; ನಮ್ಮದೇ ಅಂದ್ರೆ ಮುದುಕಿ ಅವರೆದುರೇ ಸೊಗಡಿನ ಮಾತು ತೆಗೀತಾಳೆ. "ಯಾರೋ ದಂಡಿನ ಪ್ಯಾಟೆಯೋರದು, ಅತ್ತೆ" ಅಂದುಬಿಟ್ಟಳು.

"ಹಂಗಾ? ಮತ್ತೆ ನಮ್ಮನೇದು ಒಂದಿಷ್ಟು ತಾರೇ, ನಾಲಿಗೆಗೆ ರುಚಿ ಬರ್ಲಿ."

"ನಮ್ಮದು... ಮುಗಿದೋಯ್ತು ಅತ್ತೆ."

ಮುದುಕಿಯ ಬೊಚ್ಚುಬಾಯಿ ಅರಳಿತು. "ಮುಗಿದೋಯ್ತಾ! ಹಂಗಾದ್ರೆ ಜನಕ್ಕೆ ಹಿಡಿಸ್ತು ಅನ್ನು. ಹೋಗ್ಲಿ ಬಿಡು, ನಾಳೆ ಮಾಡ್ಕೊಡುವಂತೆ." ಆ ನಗು ಕಂಡು ಅಂಜಿನಮ್ಮ ಸೆರಗಿನ ಬಟ್ಟಲನ್ನ ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡಳು.

ನಾಳೆ ಬರಲಿಲ್ಲ. ಮುದುಕಿಗೆ ಅಂದೇ ಜ್ವರ ಹಿಡೀತು; ಗಂಜಿ ಬಿಟ್ಟು ಬೇರೇನೂ ಇಳೀಲಿಲ್ಲ. ಅವರೆ ಕಾಲ ಮುಗಿಯೋ ಮೊದಲೇ ಹೊರಟುಹೋದಳು.

ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಮುಂದಿನ ವರ್ಷ ಅಂಜಿನಮ್ಮ ಕಾಯಿ ತೊಳೀಲಿಲ್ಲ, ಕೈ ತೊಳೀಲಿಲ್ಲ. ಸಾರು ಕುದಿಯೋವಾಗ ಗೋಡೆಯಾಚೆಯಿಂದ ಇಮಾಮ್ ಬೀ, "ಇದು ನಿಮ್ಮತ್ತೆ ಕೈ ಘಮಾನೇ!" ಅಂತ ಕೂಗಿದಳು. ಅಂಜಿನಮ್ಮ ಮುದುಕಿ ಕೂರುತ್ತಿದ್ದ ಜಗಲಿಯಲ್ಲಿ ದೀಪ ಹಚ್ಚಿ ಎಡೆ ಇಟ್ಟಳು.

"ನಮ್ಮನೇದು, ಅತ್ತೆ" ಅಂದಳು. ಇನ್ನೊಂದು ಸಲ ಜೋರಾಗಿ ಅಂದಳು. ಸೊಗಡಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.