ಹಿರಿಯಣ್ಣನವರ ಓರೆಗೆರೆ

ಬೈಕುಲ್ಲಾದ ಒಂದು ಬಾಯ್ಲರ್ ಕಂಪನಿಯ ಡ್ರಾಯಿಂಗ್ ಆಫೀಸಿನಲ್ಲಿ ಹಿರಿಯಣ್ಣನವರ ಗೆರೆ ಎಂದರೆ ಅದಕ್ಕೊಂದು ಹೆಸರಿತ್ತು. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಇಪ್ಪತ್ತೆರಡನೇ ವಯಸ್ಸಿಗೆ ಮುಂಬಯಿಗೆ ಬಂದವರು, ಇಪ್ಪತ್ತೊಂಬತ್ತು ವರ್ಷ ನಕ್ಷೆ ಬಿಡಿಸುವ ಅದೇ ಹಲಗೆಯ ಮುಂದೆ ನಿಂತಿದ್ದರು. ಅವರು ಶಾಯಿಯಲ್ಲಿ ಎಳೆದ ಗೆರೆಯ ಮೇಲೆ ಬಿಟ್ಟರೆ ಇರುವೆ ಕೂಡ ಅತ್ತಿತ್ತ ನೋಡದೆ ನೆಟ್ಟಗೆ ಹೋಗುತ್ತದೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಹಿರಿಯಣ್ಣನವರು ಬಾಯಲ್ಲಿ ‘ಛೆ ಛೆ’ ಎನ್ನುತ್ತಿದ್ದರು, ಒಳಗೊಳಗೇ ಉಬ್ಬುತ್ತಿದ್ದರು. ಅಷ್ಟು ಜಂಬವೂ ಇಲ್ಲದಿದ್ದರೆ ದಿನಾ ಡೊಂಬಿವಲಿಯಿಂದ ಲೋಕಲ್‌ನಲ್ಲಿ ನೇತಾಡಿಕೊಂಡು ಬರುವುದಾದರೂ ಯಾತಕ್ಕೆ?

ಐವತ್ತನೇ ವಯಸ್ಸಿನಲ್ಲಿ ಅವರ ಬಲಗೈ ನಡುಗತೊಡಗಿತು. ಯಾರಿಗೂ ಹೇಳದೆ ಡಾಕ್ಟರಿಗೆ ತೋರಿಸಿದರು. ‘ಜೀವಕ್ಕೇನೂ ತೊಂದರೆಯಿಲ್ಲ’ ಎಂದರು ಡಾಕ್ಟರು. ಗೆರೆಗೆ ತೊಂದರೆಯಿದೆಯೇ ಎಂದು ಕೇಳಲು ಇವರಿಗೆ ಬಾಯಿ ಬರಲಿಲ್ಲ. ಹೆಂಡತಿ ಕೌಸಲ್ಯಮ್ಮನವರಿಗೂ ಹೇಳಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು, ಒಂದು ಗೆರೆಗೆ ಎರಡರಷ್ಟು ಹೊತ್ತು ತೆಗೆದುಕೊಂಡು ಹೇಗೋ ಒಂದು ವರ್ಷ ದೂಡಿದರು.

ಎಂಬತ್ತೆಂಟರಲ್ಲಿ ಆಫೀಸಿಗೆ ಬಣ್ಣದ ಪರದೆಯ ಕಂಪ್ಯೂಟರ್ ಬಂತು. ಅದಕ್ಕೊಂದು ಎ.ಸಿ. ಕೋಣೆ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ದೂರದಿಂದ ದರ್ಶನ ಮಾಡಿ ಬರುವವರೇ ಎಲ್ಲ. ಪೂಜೆಗೆ ಮುಂದಾಗುವವರು ಯಾರೂ ಇಲ್ಲ. ಮುಂದಾದವರು ಹಿರಿಯಣ್ಣನವರೊಬ್ಬರೇ. ಯಂತ್ರಕ್ಕೆ ಕೈಯಿಲ್ಲ, ಕೈಯಿಲ್ಲದ್ದು ನಡುಗುವುದು ಹೇಗೆ ಎಂಬುದು ಅವರ ತರ್ಕ.

ಡ್ರಾಯಿಂಗ್ ಆಫೀಸಿನ ಮುಖ್ಯಸ್ಥರು ಮಂಗಳೂರು ಕಡೆಯ ರಮಾನಾಥರು. ಒಳ್ಳೆಯ ಮನುಷ್ಯ, ಮುಚ್ಚುಮರೆಯಿಲ್ಲ. “ಮೂರು ತಿಂಗಳು ತಗೊಳ್ಳಿ ಮಾರಾಯ್ರೆ. ಆಮೇಲೆ ಡೈರೆಕ್ಟರ್ ಎದುರು ಒಂದು ಓರೆ ಪೈಪು ಬಿಡಿಸಿ ತೋರಿಸ್ಬೇಕು. ಹಲಗೆಗಳನ್ನ ಕಮ್ಮಿ ಮಾಡ್ತಾ ಇದ್ದಾರೆ. ಇದಾಗದಿದ್ರೆ ನಿಮ್ಮನ್ನ ಸ್ಟೋರ್ಸಿಗೆ ಹಾಕ್ತಾರೆ, ನನ್ನಿಂದ ತಡೀಲಿಕ್ಕೆ ಆಗುದಿಲ್ಲ” ಎಂದರು. ಸ್ಟೋರ್ಸ್ ಎಂದರೆ ನಟ್ಟು ಬೋಲ್ಟು ಎಣಿಸಿ ಕೊಡುವ ಜಾಗ. ಅಲ್ಲಿ ಗೆರೆ ಎಳೆಯುವ ಕೆಲಸವೇ ಇಲ್ಲ.

ಹೇಳಿಕೊಡುವವರಿಲ್ಲ. ಫೌಂಟನ್ ಹತ್ತಿರ ಹಳೇ ಪುಸ್ತಕ ಮಾರುವ ಫುಟ್‌ಪಾತಿನಲ್ಲಿ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿಸುವ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಶಾಲೆ ಹುಡುಗನ ಹಾಗೆ ಅದಕ್ಕೆ ಕಂದು ಕಾಗದದ ರಟ್ಟು ಹಾಕಿ, ಸೀಟು ಸಿಗಲೆಂದು ಅರ್ಧ ಗಂಟೆ ಮುಂಚಿನ ಸ್ಲೋ ಲೋಕಲ್ ಹಿಡಿದು ಓದಿದರು. ಪರದೆಯೆಂದರೆ ಸಾವಿರಾರು ಚುಕ್ಕೆಗಳ ಮನೆಗಳು. ಗೆರೆ ಎಳೆಯುವುದೆಂದರೆ ಯಾವ ಮನೆಯಲ್ಲಿ ದೀಪ ಹಚ್ಚಬೇಕು, ಯಾವುದರಲ್ಲಿ ಬೇಡ ಎಂದು ಲೆಕ್ಕ ಹಾಕುವುದು. ಇಷ್ಟು ತಲೆಗಿಳಿಯಲು ಕಲ್ಯಾಣದಿಂದ ಕಾಶಿಗೆ ಹೋಗಿಬರುವಷ್ಟು ಪ್ರಯಾಣ ಬೇಕಾಯಿತು.

ಎರಡನೇ ತಿಂಗಳ ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ತಾವೇ ಬರೆದ ಪ್ರೋಗ್ರಾಮ್ ಓಡಿಸಿದರು. ಅಡ್ಡಗೆರೆ ಬಂತು, ನೆಟ್ಟಗೆ. ಲಂಬಗೆರೆ ಬಂತು, ಅದೂ ನೆಟ್ಟಗೆ. ಮೂರನೆಯದು ಓರೆಗೆರೆ. ಅದು ಸೊಟ್ಟಸೊಟ್ಟಗೆ, ಹಲ್ಲು ಹಲ್ಲಾಗಿ, ಮೆಟ್ಟಿಲು ಹತ್ತಿಕೊಂಡು ಬಂತು. ಪುಸ್ತಕದ ಚಿತ್ರದಲ್ಲಿ ಅದೇ ಗೆರೆ ನುಣ್ಣಗಿತ್ತು. ಬೆರಳು ನಡುಗಿ ಒಂದು ಒತ್ತುವಲ್ಲಿ ಹನ್ನೊಂದು ಬಿದ್ದದ್ದು ಅವರಿಗೆ ಎಷ್ಟೋ ಸಲ ಆಗಿತ್ತು. ಮತ್ತೆ ಮೂರು ಸಲ ಹೊಡೆದು ನೋಡಿದರು. ಮೂರು ಸಲವೂ ಮೆಟ್ಟಿಲು. ತನ್ನ ಕೈಯ ನಡುಕ ಯಂತ್ರದೊಳಕ್ಕೂ ಹೊಕ್ಕಿತು ಎಂದೇ ಅವರಿಗನ್ನಿಸಿತು. ನಗಬೇಡಿ. ಹೆದರಿದವರ ಮೇಲೆ ಹಾವು ಎಸೆದ ಹಾಗಾಗಿತ್ತು ಪಾಪ.

ಅರ್ಧ ದಿನ ರಜ ಹಾಕಿ ಮೂರು ಗಂಟೆಗೇ ಮನೆಗೆ ಬಂದರು. ಕೌಸಲ್ಯಮ್ಮನವರು ಅಕ್ಕಿ ಆರಿಸುತ್ತಿದ್ದರು.

“ಯಾಕ್ರೀ, ಇಷ್ಟ್ ಬೇಗ?”

“ಕೌಸಲ್ಯಾ, ನನ್ನ ಕೈ ನೋಡು.”

ಕೌಸಲ್ಯಮ್ಮ ಮೊರ ಪಕ್ಕಕ್ಕಿಟ್ಟು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. “ನೋಡೋದೇನು ಬಂತು, ಒಂದು ವರ್ಷದಿಂದ ನೋಡ್ತಾನೇ ಇದೀನಿ. ನಿಮ್ಮ ಲೋಟಕ್ಕೆ ಯಾಕೆ ಮುಕ್ಕಾಲು ಕಾಫಿ ಹಾಕ್ತಿದೀನಿ ಅನ್ಕೊಂಡ್ರಿ?”

“ಹಾಲು ಸಾಲ್ತಿಲ್ಲ ಅನ್ಕೊಂಡಿದ್ದೆ.”

“ವರ್ಷಗಟ್ಲೆ ಹಾಲು ಸಾಲದೇ ಇರತ್ತಾ? ತುಳುಕಿದ್ರೆ ನೀವು ನೊಂದ್ಕೋತೀರಿ ಅಂತ. ಹೇಳೋ ಹೊತ್ತಿಗೆ ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ.”

ಹಿರಿಯಣ್ಣನವರಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಒಂದು ವರ್ಷ ಒಬ್ಬರೇ ಹೊತ್ತ ಮೂಟೆಗೆ ಇನ್ನೊಂದು ಹೆಗಲು ಮೊದಲಿನಿಂದಲೂ ಇತ್ತಲ್ಲ ಎಂದು ಎದೆ ತುಂಬಿ ಬಂತು. ಯಂತ್ರದ ಕತೆಯನ್ನೂ ಹೇಳಿದರು.

ಕೌಸಲ್ಯಮ್ಮ ಮದುವೆಗೆ ಮುಂಚೆ ಇಂಟರ್‌ಮೀಡಿಯೆಟ್‌ನಲ್ಲಿ ಗಣಿತ ಓದಿದವರು. “ಅದೇನು ಲೆಕ್ಕಾನೋ ನನಗೂ ಹೇಳಿ” ಎಂದು ಗ್ರಾಫ್ ಹಾಳೆಯೊಂದನ್ನು ನೆಲದ ಮೇಲೆ ಹರಡಿದರು. ಮೂವತ್ತೊಂದು ಮನೆ ಅಡ್ಡ, ಹನ್ನೊಂದು ಮನೆ ಮೇಲೆ ಹೋಗುವ ಗೆರೆ. ನಿಯಮ ಇಷ್ಟೆ: ಒಂದು ಮನೆ ಮುಂದೆ ಹೋದಾಗಲೆಲ್ಲ ಹನ್ನೊಂದು ಕೂಡು, ಹದಿನೈದು ದಾಟಿದರೆ ಒಂದು ಮನೆ ಮೇಲೇರು, ಮೂವತ್ತೊಂದು ಕಳೆ. ಗಂಡ ಕೆಂಪು ಪೆನ್ಸಿಲ್ ಹಿಡಿದು ಎಡತುದಿಯಿಂದ ಹೊರಟರು. ಹೆಂಡತಿ ನೀಲಿ ಹಿಡಿದು ಬಲತುದಿಯಿಂದ ಇಳಿಯುತ್ತ ಬಂದರು. ಇಬ್ಬರೂ ಬಾಯಲ್ಲೇ ಕೂಡುತ್ತ ಕಳೆಯುತ್ತ, ಒಬ್ಬರ ತುದಿಯ ಕಡೆ ಇನ್ನೊಬ್ಬರು ನೋಡದೆ ತುಂಬುತ್ತ ಹೋದರು. ನಡುವೆ ಕೆಂಪು ಮನೆಯೂ ನೀಲಿ ಮನೆಯೂ ಮೂಲೆಗೆ ಮೂಲೆ ತಾಗಿಸಿಕೊಂಡು ನಿಂತವು.

ಹಿರಿಯಣ್ಣನವರ ಬಣ್ಣ ಮನೆಯಿಂದಾಚೆ ಚೆಲ್ಲಿತ್ತು, ಕೌಸಲ್ಯಮ್ಮನವರದು ಚೆಲ್ಲಿರಲಿಲ್ಲ. ಮೆಟ್ಟಿಲು ಮಾತ್ರ ಎರಡು ಕಡೆಯೂ ಒಂದೇ.

“ನನ್ನ ಕೈ ನಡುಗಲಿಲ್ವಲ್ಲ” ಎಂದರು ಕೌಸಲ್ಯಮ್ಮ. “ನನ್ನ ಕಡೆ ಮೆಟ್ಟಿಲು ಎಲ್ಲಿಂದ ಬಂತು?”

ಹಿರಿಯಣ್ಣನವರು ಕೆಂಪು ತುದಿಯಿಂದ ನೀಲಿ ತುದಿಯವರೆಗೆ ಬೆರಳಾಡಿಸಿದರು. ಚೌಕಗಳ ಊರಿನಲ್ಲಿ ಓರೆಯಾಗಿ ಹೋಗುವವರು ಯಾರೇ ಆದರೂ ಹೀಗೇ ಹತ್ತಬೇಕು. ಇದು ಕೈಯ ತಪ್ಪಲ್ಲ, ಮನೆ ಚೌಕವಾಗಿರುವುದರ ಗುಣ. ಪುಸ್ತಕದ ಚಿತ್ರವನ್ನು ಯಾರೋ ಪುಣ್ಯಾತ್ಮ ಸ್ಕೇಲು ಇಟ್ಟು ಶಾಯಿಯಲ್ಲಿ ಎಳೆದಿದ್ದಾನೆ, ತನ್ನ ಹಾಗೆಯೇ ಒಬ್ಬ. ಅವರಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು.

ಇನ್ನೂ ಓದದಿದ್ದ ಪುಟಗಳಲ್ಲಿ ಆ ಮೆಟ್ಟಿಲಿಗೆ ಮದ್ದೂ ಇತ್ತು: ಹಲ್ಲು ಇರುವ ಕಡೆ ಪಕ್ಕದ ಚುಕ್ಕೆಗಳನ್ನು ಮಸುಕಾಗಿ ಬೆಳಗಿಸಿದರೆ ಮೆಟ್ಟಿಲು ಕಣ್ಣಿಗೆ ಕರಗುತ್ತದೆ. ಮೂರನೇ ತಿಂಗಳು ಡೈರೆಕ್ಟರು ಬಂದರು. ಪರದೆಯ ಮೇಲೆ ಪೈಪು ಓರೆಯಾಗಿ, ನುಣ್ಣಗೆ ನಿಂತಿತು. ಡೈರೆಕ್ಟರು ತಲೆದೂಗಿ, ಓರೆಯನ್ನು ಇನ್ನಷ್ಟು ಹೆಚ್ಚಿಸಿ ತೋರಿಸಿ ಎಂದರು. ಹಿರಿಯಣ್ಣನವರ ಬೆರಳು ಎಲ್ಲರೆದುರೇ ಒಂದು ಅಂಕಿಯನ್ನು ಎರಡು ಸಲ ಒತ್ತಿತು. ಅಳಿಸಿದರು. ಮತ್ತೆ ಎರಡು ಸಲ ಬಿತ್ತು.

“ಸರ್, ನನ್ನ ಕೈ ನಡುಗುತ್ತೆ. ಒಂದು ವರ್ಷವಾಯ್ತು” ಎಂದರು ಹಿರಿಯಣ್ಣನವರು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ರಮಾನಾಥರ ಕಡೆ ತಿರುಗಿ ಕನ್ನಡದಲ್ಲಿ. “ಲೆಕ್ಕ ನಡುಗಲ್ಲ.”

ಡೈರೆಕ್ಟರು ಒಮ್ಮೆ ಕೈ ನೋಡಿದರು, ಒಮ್ಮೆ ಪರದೆ ನೋಡಿದರು. ಸ್ಟೋರ್ಸಿಗೆ ಬೇರೆ ಯಾರನ್ನಾದರೂ ಹುಡುಕಿ ಎಂದು ರಮಾನಾಥರಿಗೆ ಹೇಳಿದರು. ರಮಾನಾಥರು ಕುರ್ಚಿ ಎಳೆದುಕೊಂಡು ಕೀಬೋರ್ಡಿನ ಮುಂದೆ ಕೂತರು. “ಹೇಳಿ ಮಾರಾಯ್ರೆ, ನಾನು ಒತ್ತುತ್ತೇನೆ.”

ಹಿರಿಯಣ್ಣನವರು ಒಂದೊಂದೇ ಅಂಕಿ ಹೇಳುತ್ತ ಹೋದರು. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟುಕೊಂಡಿದ್ದರು. ಅದು ನಡುಗುತ್ತಿತ್ತು. ನಡುಗಲಿ ಎಂದು ಬಿಟ್ಟರು.