ಮೆಟ್ಟಿಲ ಗೋಡೆಗೆ ಹೊಡೆದ ಮೊಳೆ

ಬ್ಯಾಡಗಿಯಲ್ಲಿ ನನ್ನದು ಮೆಣಸಿನಕಾಯಿ ಅಂಗಡಿ. ಮೇಲೊಂದು ಬಾಡಿಗೆ ಮನೆ. ಮೇಲೆ ಹತ್ತುವ ಮೆಟ್ಟಿಲಿಗೆ ಕಿಟಕಿಯಿಲ್ಲ, ಹಗಲಿನಲ್ಲೂ ದೀಪ ಬೇಕು. ಅಮಾವಾಸ್ಯೆಗೊಮ್ಮೆ ಅಂಗಡಿ, ಮೆಟ್ಟಿಲು ಎಲ್ಲ ತೊಳೆದು, ದೃಷ್ಟಿಯಾಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತೇವೆ. ಊರೆಲ್ಲ ಹಸಿಕಾಯಿ ಕಟ್ಟಿದರೆ ನನಗೆ ನಮ್ಮಂಗಡಿಯ ಕೆಂಪು ಕಾಯಿಯೇ ಆಗಬೇಕು. ಅಷ್ಟು ಸೊಕ್ಕು. ಹೋದ ವರ್ಷ ಮೆಟ್ಟಿಲ ದೀಪದ ಕೆಳಗೆ, ಸ್ವಿಚ್ಚಿನ ನೇರಕ್ಕೇ, ಉದ್ದನೆಯ ಮೊಳೆ ಹೊಡೆದೆ. ಕಾಯಿಗಳನ್ನು ತಂತಿಯಲ್ಲಿ ಪೋಣಿಸಿ ತೂಗುಹಾಕಿ, ಅಲ್ಲಾಡದಿರಲೆಂದು ತಂತಿಯ ತುದಿಯನ್ನು ಕಬ್ಬಿಣದ ರೇಲಿಂಗಿಗೆ ಸುತ್ತಿದೆ.

ಅಂದಿನಿಂದ ಮೆಟ್ಟಿಲು ತೊಳೆದಾಗಲೆಲ್ಲ, ಅಪಾಯವಾದರೆ ತಾನೇ ಕರೆಂಟ್ ಕಡಿಯುವ ಟ್ರಿಪ್ ಸ್ವಿಚ್ ಬಿದ್ದು ಅಂಗಡಿಯೆಲ್ಲ ಕತ್ತಲೆ. ವೈರಿಂಗ್ ಮಾಡಿದವನನ್ನು ಕರೆಸಿ ಗಿರಾಕಿಗಳ ಮುಂದೆಯೇ ಬೈದೆ.

"ಸಾವ್ಕಾರ್ರ, ಅದು ಸುಮ್‌ಸುಮ್ನ ಬೀಳಂಗಿಲ್ಲ. ಎಲ್ಲೋ ಕರೆಂಟ್ ಸೋರಾಕತ್ತೈತಿ. ಗ್ವಾಡಿ ಒಡದು ನೋಡೂಣ್ರಿ," ಎಂದ.

"ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ! ಮೊನ್ನೆರ ಬಣ್ಣಾ ಹಚ್ಚಿಸೇನಿ, ಗ್ವಾಡಿ ಒಡೀತಾನಂತ. ಆ ಸ್ವಿಚ್ ತಗದು ಡೈರೆಕ್ಟ್ ಕೊಡು."

ಅವನು ಒಲ್ಲೆ ಎಂದ. ರಾಣೆಬೆನ್ನೂರಿನಿಂದ ಬೇರೊಬ್ಬನನ್ನು ಕರೆಸಿ ಮಾಡಿಸಿದೆ. ನಾನೇ ಶಾಣ್ಯಾ ಎಂದುಕೊಂಡೆ.

ಅದಾದ ಮೊದಲ ಅಮಾವಾಸ್ಯೆ. ಮೆಟ್ಟಿಲು ಇನ್ನೂ ಹಸಿಯಿತ್ತು. ಮೇಲಿನ ಮನೆಯ ಬಾಡಿಗೆಯಾಕೆ, ಹೊಲಿಗೆ ಹಾಕಿ ಬದುಕುವ ಹೆಣ್ಣುಮಗಳು, ಬರಿಗಾಲಲ್ಲಿ ನೀರಿನ ಕೊಡ ಹೊತ್ತು ಹತ್ತುತ್ತಿದ್ದರು. ರೇಲಿಂಗ್ ಮುಟ್ಟಿದ್ದೇ ತಡ, ಶಾಕ್ ಹೊಡೆದು ಕೆಳಗೆ ಬಿದ್ದರು. ಬಲಗೈ ಮುರಿಯಿತು.

ಹಾವೇರಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ ಮೇಲೆ ಅವರೇ ಅಂದರು, "ಅಣ್ಣಾರ, ತಪ್ಪು ನಂದೇ ರೀ. ಹಸೀ ಕೈಲೆ ಮುಟ್ಟಿದ್ನಿ."

"ನೋಡ್ಕೊಂಡು ಅಡ್ಡ್ಯಾಡಬೇಕವ್ವಾ ತಂಗಿ," ಎಂದೆ ನಾನು. ಥೂ, ನನ್ನ ನಾಲಿಗೆಗೆ ಬೆಂಕಿ ಹಾಕ!

ಮೊದಲಿನ ವೈರಿಂಗಿನವನನ್ನು ಕೈಕಾಲು ಹಿಡಿದು ಕರೆತಂದೆ. ಗೋಡೆ ಒಡೆದು, ವೈರಿನೊಳಗೆ ಹೊಕ್ಕಿದ್ದ ಮೊಳೆಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಹೊಸ ವೈರ್ ಎಳೆದು, ರೇಲಿಂಗಿಗೆ ಅರ್ಥಿಂಗ್ ಕೊಟ್ಟು, ಟ್ರಿಪ್ ಸ್ವಿಚ್ ಮತ್ತೆ ಕೂರಿಸಿ ಹೋದ.

ಮೊಳೆಯನ್ನು ಕಿಸೆಯಲ್ಲಿಟ್ಟುಕೊಂಡು, ಖರೇ ಸಂಗತಿ ಹೇಳಿಬಿಡಬೇಕೆಂದು ಮೇಲೆ ಹೋದೆ. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಅವರು ಎಡಗೈಯಲ್ಲೇ ಚಹಾ ಸೋಸಿ ಕೊಟ್ಟರು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದವನು ನಾನು, ಉಂಡವರು ಅವರು. ನಾಚಿಕೆಯಿಂದ ಮೊಳೆಯನ್ನು ಕಿಸೆಯಿಂದ ತೆಗೆಯಲೇ ಇಲ್ಲ. ಚಹಾ ಕುಡಿದು ಇಳಿದು ಬಂದೆ.

ಈಗ ಅವರ ಕೈ ಕೂಡಿದೆ, ಮಿಷನ್ ಸದ್ದು ಮತ್ತೆ ಕೇಳುತ್ತದೆ. ಆದರೆ ಅವರು ರೇಲಿಂಗ್ ಹಿಡಿಯುವುದಿಲ್ಲ. ತುಂಬಿದ ಕೊಡ ಹೊತ್ತರೂ ಮೆಟ್ಟಿಲ ನಟ್ಟನಡುವೆ ತೂರಾಡುತ್ತ ಹತ್ತುತ್ತಾರೆ. ನಿನ್ನೆ ಅವರ ಕಾಲು ಜಾರಿದಂತಾಯಿತು.

"ತಂಗೀ, ರೇಲಿಂಗ್ ಹಿಡ್ಕೊವ್ವಾ. ಈಗ ಏನೂ ಆಗಂಗಿಲ್ಲ," ಎಂದು ಕೆಳಗಿನಿಂದಲೇ ಕೂಗಿದೆ.

ಅವರು ನಿಂತು, ಸೆರಗಿಗೆ ಕೈ ಒರೆಸಿಕೊಂಡು ನಕ್ಕರು.

"ಬ್ಯಾಡ್ರೀ ಅಣ್ಣಾರ. ರೇಲಿಂಗ್ ಏನ್ ಮಾಡೀತು? ನನಗ ನನ್ನ ಕೈ ಮ್ಯಾಲೇ ನಂಬಿಕಿಲ್ಲ."